ನೀಲಿ ಕೇಬಲ್ ನಂಬಿ ಕೆಟ್ಟೆ. ಹೊಸ ಸೈಕಲ್ಲಿಗೆ ಯಾವ ಬೀಗ?

ಬೆಳಗಿನ ಪ್ಯಾಸೆಂಜರ್ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಮನೆ ಮಂಡ್ಯ, ಕೆಲಸ ಮೈಸೂರು. ಬೆಳಿಗ್ಗೆ ಸೈಕಲ್ಲಲ್ಲಿ ಸ್ಟೇಷನ್ ತನಕ, ಅಲ್ಲಿಂದ ರೈಲು. ಸಂಜೆ ವಾಪಸ್ ಬಂದು ಸೈಕಲ್ ಹತ್ತುವ ಹೊತ್ತಿಗೆ ಏಳೂವರೆ. ದಿನಕ್ಕೆ ಹತ್ತಿರ ಹತ್ತಿರ ಹನ್ನೆರಡು ಗಂಟೆ ಸೈಕಲ್ ಒಂದೇ ಕಡೆ ನಿಂತಿರುತ್ತದೆ. ಎರಡು ವರ್ಷ ಏನೂ ಆಗಿರಲಿಲ್ಲ.

ಹೋಗಿದ್ದು ಅಲ್ಲಿ ಅಲ್ಲ. ಹೋದ ತಿಂಗಳು ಒಂದು ಭಾನುವಾರ ಪೇಟೆಗೆ ಹೋಗಿದ್ದೆ. ಅಂಗಡಿ ಮುಂದಿನ ಕಂಬಕ್ಕೆ ಕಟ್ಟಿ ಬೀಗ ಹಾಕಿ ಒಳಗೆ ಹೋದೆ. ಬೇಳೆ, ಬೆಲ್ಲ, ಒಂದು ಪೊರಕೆ. ಇಪ್ಪತ್ತು ನಿಮಿಷ ಇರಬಹುದು. ಹೊರಗೆ ಬಂದರೆ ಕಂಬ ಇದೆ, ಸೈಕಲ್ ಇಲ್ಲ. ಕಂಬದ ಬುಡದಲ್ಲಿ ನನ್ನ ನೀಲಿ ಕೇಬಲ್ ಲಾಕ್ ಹಾವಿನ ಹಾಗೆ ಬಿದ್ದಿತ್ತು. ಎತ್ತಿಕೊಂಡು ನೋಡಿದೆ. ಮೇಲೆ ದಪ್ಪ ಪ್ಲಾಸ್ಟಿಕ್, ಒಳಗೆ ಬೆರಳಿಗಿಂತ ಸಣ್ಣ ತಂತಿ. ಕತ್ತರಿಸಿದ ತುದಿಯಲ್ಲಿ ಎಳೆಗಳೆಲ್ಲ ಹಳೇ ಹಲ್ಲುಜ್ಜುವ ಬ್ರಷ್ಷಿನ ಹಾಗೆ ಕೆದರಿಕೊಂಡಿದ್ದವು. ಬೆರಳಿಗೆ ಚುಚ್ಚಿ ರಕ್ತ ಬಂತು. ಪೊರಕೆ ಹೆಗಲ ಮೇಲೆ ಇಟ್ಟುಕೊಂಡು ನಡೆದು ಮನೆಗೆ ಬಂದೆ. ದಾರಿಯಲ್ಲಿ ನಾಲ್ಕು ಜನ "ಸೈಕಲ್ ಎಲ್ಲಿ?" ಅಂತ ಕೇಳಿದರು.

ಈಗ ಹೊಸದು ತಗೊಂಡಿದ್ದೇನೆ. ಗೇರ್ ಸೈಕಲ್, 14,000 ರೂಪಾಯಿ. ಅಂಗಡಿಯವರು ಮತ್ತೆ ಅದೇ ಥರದ ಕೇಬಲ್ ಲಾಕ್ ಫ್ರೀ ಕೊಟ್ಟಿದ್ದಾರೆ, ಈ ಸಲ ಕೆಂಪು ಬಣ್ಣ. ಅದನ್ನು ನೋಡಿದರೆ ಸಿಟ್ಟು ಬರುತ್ತದೆ. ಯಾವ ಬೀಗ ತಗೊಳ್ಳಲಿ? ಎಷ್ಟು ಖರ್ಚು ಮಾಡಬಹುದು?

ಅಟ್ಲಾಸ್ ಅಜ್ಜ (ಅಗ್ರಹಾರ, ಮೈಸೂರು)

ನಮ್ಮ ಕಾಲದಲ್ಲಿ ಹಿಂದಿನ ಚಕ್ರಕ್ಕೆ ಲಾಳದ ಥರದ ಬೀಗ ಇರುತ್ತಿತ್ತು. ಒತ್ತಿದರೆ ಸರಳು ಬಂದು ಚಕ್ರದ ಕಡ್ಡಿಗಳ ನಡುವೆ ಕೂರುತ್ತಿತ್ತು, ಕೀ ತೆಗೆದುಕೊಂಡು ಹೋಗುವುದು ಅಷ್ಟೇ. ನಾನು ದೇವರಾಜ ಮಾರ್ಕೆಟ್ ಹತ್ತಿರ ಮೂವತ್ತು ವರ್ಷ ಹಾಗೇ ಸೈಕಲ್ ನಿಲ್ಲಿಸಿದ್ದೇನೆ. ಕಳೆದದ್ದು ಒಂದೇ ಸಲ, ಅದೂ ಬೀಗ ಹಾಕುವುದು ಮರೆತ ದಿನ.

ಆದರೆ ಒಂದು ಮಾತು ಒಪ್ಪುತ್ತೇನೆ. ಬೀಗ ಹಾಕಿದ ಸೈಕಲ್ಲಿನ ಹಿಂದಿನ ಚಕ್ರ ಎತ್ತಿ ಹಿಡಿದು ಮುಂದಿನ ಚಕ್ರದ ಮೇಲೆ ತಳ್ಳಿಕೊಂಡು ಹೋಗುವವನನ್ನು ಕಂಡರೆ ನಾವು ಏನು ಅಂದುಕೊಳ್ಳುತ್ತೇವೆ? ಪಾಪ, ಕೀ ಕಳೆದುಕೊಂಡಿದ್ದಾನೆ ಅಂತ ದಾರಿ ಬಿಡುತ್ತೇವೆ. ನಾನೇ ಒಬ್ಬನಿಗೆ ಒಂದು ಕೈ ಹಿಡಿದು ಮೋರಿ ದಾಟಿಸಿದ್ದೇನೆ. ಅದು ಅವನ ಸೈಕಲ್ಲೇ ಆಗಿತ್ತು ಅಂತ ಇವತ್ತಿಗೂ ನಂಬಿದ್ದೇನೆ.

ಪಂಚರ್ ಪೆಟ್ಟಿಗೆ (ಸರಸ್ವತಿಪುರಂ)

ಸೈಕಲ್ ರಿಪೇರಿ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ಯಾಸೆಂಜರ್ ಅಣ್ಣ, ಕೇಬಲ್ ಲಾಕ್ ಅನ್ನುವುದು ಬೀಗವೇ ಅಲ್ಲ, ಅದು ದಾರ. ಒಳಗಿರುವುದು ಸಣ್ಣ ಸಣ್ಣ ತಂತಿಯ ಹುರಿ. ಒಳ್ಳೆ ಕಟಿಂಗ್ ಪ್ಲೇಯರ್ ಇದ್ದರೆ ಎಳೆ ಎಳೆಯಾಗಿ ಕಡಿಯಬಹುದು, ಕೇಬಲ್ ಕಟರ್ ಇದ್ದರೆ ಒಂದೇ ಒತ್ತು. ಮೇಲಿನ ಪ್ಲಾಸ್ಟಿಕ್ ದಪ್ಪ ನೋಡಿ ಎಷ್ಟೋ ಜನ ಮೋಸ ಹೋಗುತ್ತಾರೆ. ಅದನ್ನು ಬಿಸಾಡಬೇಡಿ, ಹೆಲ್ಮೆಟ್ ಕಟ್ಟಲು, ಮುಂದಿನ ಚಕ್ರಕ್ಕೆ ಸುತ್ತಲು ಬರುತ್ತದೆ. ಅದೊಂದನ್ನೇ ನಂಬಬೇಡಿ ಅಷ್ಟೇ.

ಚೈನ್ ಲಾಕ್ ಅಂತ ಬಟ್ಟೆ ಸುತ್ತಿ ಮಾರುತ್ತಾರಲ್ಲ, ಅದರಲ್ಲಿ ಎರಡು ಜಾತಿ. ಹದ ಕೊಟ್ಟ ಉಕ್ಕಿನ ಕೊಂಡಿ ಒಂದು, ಬಾವಿ ಸರಪಳಿಯಂಥ ಮೆದು ಕಬ್ಬಿಣ ಇನ್ನೊಂದು. ಕಣ್ಣಿಗೆ ಎರಡೂ ಒಂದೇ ಥರ ಹೊಳೆಯುತ್ತವೆ. ಗೊತ್ತು ಮಾಡಿಕೊಳ್ಳುವುದು ಹೇಗೆ? ಒಂದು ಅರ ತಗೊಳ್ಳಿ. ಬಟ್ಟೆ ಸರಿಸಿ ಮರೆಯಲ್ಲಿರುವ ಕೊಂಡಿಯ ಮೇಲೆ ಎರಡು ಸಲ ಉಜ್ಜಿ. ಮೆದು ಕಬ್ಬಿಣವಾದರೆ ಅರ ಕಚ್ಚುತ್ತದೆ, ಬೆಳ್ಳಗೆ ಗೆರೆ ಬೀಳುತ್ತದೆ. ಹದ ಇದ್ದರೆ ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ, ಕಿರ್ ಅಂತ ಸದ್ದು ಬೇರೆ. ಅಂಗಡಿಯವರು ಬಿಡುವುದಿಲ್ಲ ಅನ್ನುತ್ತೀರಾ? ತಗೊಂಡ ಮೇಲೆ ಮನೆಯಲ್ಲಿ ಮಾಡಿ, ಬಿಲ್ ಇಟ್ಟುಕೊಂಡಿರಿ.

ನನ್ನ ಕೇಳಿದರೆ ಯು ಲಾಕ್ (ಯು ಅಕ್ಷರದ ಹಾಗೆ ಬಾಗಿದ ದಪ್ಪ ಉಕ್ಕಿನ ಸರಳಿನ ಬೀಗ) ಒಂದು, ಅಜ್ಜ ಹೇಳಿದ ಚಕ್ರದ ಬೀಗ ಒಂದು. ಎರಡೂ ಸೇರಿದರೆ ಕಳ್ಳನಿಗೆ ಎರಡು ಥರದ ಕೆಲಸ.

ಗಂಗೋತ್ರಿ ಪಿಜಿ

ನಂಬರ್ ಲಾಕ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನದು ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲೇ ಓಡಾಟ, ಕೀ ಕಳೆದುಕೊಳ್ಳುವುದರಲ್ಲಿ ನಾನು ನಿಸ್ಸೀಮೆ. ಅದಕ್ಕೇ ನಾಲ್ಕು ಅಂಕಿಯದ್ದು ತಗೊಂಡಿದ್ದೆ. ಲೆಕ್ಕಕ್ಕೆ 10,000 ಜೋಡಣೆ ಆಗುತ್ತದೆ, ಯಾರು ಕೂತು ತಿರುಗಿಸುತ್ತಾರೆ ಅಂದುಕೊಂಡೆ. ಒಂದು ರಾತ್ರಿ ಕರೆಂಟ್ ಹೋಗಿತ್ತು. ರೂಮ್‌ಮೇಟ್ ಸುಮ್ನೆ ಬೀಗವನ್ನು ಎಳೆದು ಹಿಡಿದು ಒಂದೊಂದೇ ಚಕ್ರ ತಿರುಗಿಸುತ್ತಾ ಕೂತಳು. ಸರಿಯಾದ ಅಂಕಿ ಬಂದಾಗ ಆ ಚಕ್ರ ಸ್ವಲ್ಪ ಸಡಿಲ ಆಗುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಕತ್ತಲಲ್ಲೇ ತೆಗೆದುಬಿಟ್ಟಳು! ಕರೆಂಟ್ ಬರುವ ಮುಂಚೆ! ಅವಳು ಓದುತ್ತಿರುವುದು ಸಂಸ್ಕೃತ ಎಂ.ಎ.

ಇನ್ನೊಂದು ಡೌಟು. ಯು ಲಾಕ್ ಎಷ್ಟು ಭಾರ?

ಮೇಟಗಳ್ಳಿ ಶಿಫ್ಟ್

ಹೆಚ್ಚೂ ಕಡಿಮೆ ಒಂದರಿಂದ ಒಂದೂವರೆ ಕೆಜಿ. ಒಳ್ಳೆ 10 ಮಿ.ಮೀ. ಚೈನ್ ಆದರೆ ಮೀಟರ್ ಉದ್ದಕ್ಕೆ ಎರಡೂವರೆ ಕೆಜಿ ಹತ್ತಿರ ತೂಗುತ್ತದೆ. ಬ್ಯಾಗಿನಲ್ಲಿ ಹೊತ್ತುಕೊಂಡರೆ ಚಾಮುಂಡಿ ಬೆಟ್ಟ ಹತ್ತುವುದಕ್ಕೆ ಬೇರೆ ಪ್ರಾಕ್ಟೀಸ್ ಬೇಡ.

ಟೂಲ್ ರೂಮಿನಲ್ಲಿ ಕೆಲಸ ಮಾಡುವವನು ನಾನು, ಉಕ್ಕಿನ ಬಗ್ಗೆ ಎರಡು ಮಾತು. ಸರಳು 10 ಮಿ.ಮೀ.ಗಿಂತ ತೆಳು ಇದ್ದರೆ ಉದ್ದ ಹಿಡಿಯ ಬೋಲ್ಟ್ ಕಟರ್‌ಗೆ ಅದು ಕಡಲೆಕಾಯಿ. ಹದ ಕೊಟ್ಟ 13 ಮಿ.ಮೀ. ಆದರೆ ಕೈಯಲ್ಲಿ ಹಿಡಿಯುವ ಕಟರ್ ತಿಣುಕುತ್ತದೆ. 16 ಆದರೆ ಕಬ್ಬಿಣ ಕೊಯ್ಯುವ ಗ್ರೈಂಡರ್ ಬೇಕೇ ಬೇಕು. ಗ್ರೈಂಡರ್ ತಂದವನ ಮುಂದೆ ಸಾಮಾನ್ಯ ಉಕ್ಕಿನ ಯಾವ ಬೀಗವೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಅದು ಬೇರೆ ಮಾತು.

ಕೊಳ್ಳುವಾಗ ಡಬ್ಬದ ಮೇಲೆ "ಸೆಕ್ಯೂರಿಟಿ 9/10" ಅಂತ ಇರುತ್ತದೆ. ಅದು ಕಂಪನಿ ತನಗೆ ತಾನೇ ಕೊಟ್ಟುಕೊಂಡ ಮಾರ್ಕ್ಸು. ಹೊರಗಿನವರು ಪರೀಕ್ಷೆ ಮಾಡಿ ಕೊಡುವ ಗುರುತು ಬೇರೆ ಇದೆ. ಬ್ರಿಟನ್ನಿನಲ್ಲಿ 1992ರಲ್ಲಿ ಶುರುವಾದ ಸೋಲ್ಡ್ ಸೆಕ್ಯೂರ್ ಅಂತ ಒಂದು ಸಂಸ್ಥೆ ಇದೆ. ಅವರು ಬೀಗಗಳನ್ನು ನಿಜವಾಗಿಯೂ ಮುರಿದು ನೋಡಿ ಬ್ರಾಂಜ್, ಸಿಲ್ವರ್, ಗೋಲ್ಡ್, ಡೈಮಂಡ್ ಅಂತ ದರ್ಜೆ ಕೊಡುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಎ.ಆರ್.ಟಿ. ಅನ್ನುವವರು ನಕ್ಷತ್ರ ಕೊಡುತ್ತಾರೆ. ನಮ್ಮ ಅಂಗಡಿಗಳಲ್ಲಿ ಅವು ಎಲ್ಲ ಬೀಗಕ್ಕೂ ಇರುವುದಿಲ್ಲ. ಇದ್ದರೆ ಸಿಲ್ವರ್ ಸಾಕು ಅಂತ ನನ್ನ ಅನಿಸಿಕೆ. 14,000ದ ಸೈಕಲ್ಲಿಗೆ ಡೈಮಂಡ್ ಹಾಕಿದರೆ ಕಳ್ಳ ಬೀಗವನ್ನೇ ಕದಿಯುತ್ತಾನೆ.

ಯು ಲಾಕ್ ತಗೊಳ್ಳುವವರು ದೊಡ್ಡದು ನೋಡಿ ಮರುಳಾಗಬೇಡಿ. ಒಳಗೆ ಖಾಲಿ ಜಾಗ ಜಾಸ್ತಿ ಇದ್ದಷ್ಟೂ ರಾಡೋ ಚಿಕ್ಕ ಜಾಕೋ ತೂರಿಸಿ ಮೀಟುವುದು ಸುಲಭ. ಫ್ರೇಮು, ಚಕ್ರ, ಕಂಬ ಮೂರೂ ಇಕ್ಕಟ್ಟಾಗಿ ತುಂಬಿರಬೇಕು, ಸಂತೆ ದಿನದ ಬಸ್ಸಿನ ಹಾಗೆ. ಸರಳಿನ ಎರಡು ತುದಿಯೂ ಒಳಗೆ ಕಚ್ಚಿಕೊಳ್ಳುವಂಥದ್ದು ನೋಡಿ. ಒಂದೇ ತುದಿ ಕಚ್ಚುವುದಾದರೆ ಒಂದು ಕಡೆ ಕತ್ತರಿಸಿ ತಿರುಚಿದರೆ ಬಿಚ್ಚಿಕೊಳ್ಳುತ್ತದೆ.

ಕೀ ಕೊಳವೆಯ ಹಾಗೆ ದುಂಡಗಿದ್ದರೆ ಬೇಡ ಅನ್ನುತ್ತೇನೆ. 2004ರಲ್ಲಿ ಅಮೆರಿಕದಲ್ಲಿ ಇದು ದೊಡ್ಡ ಸುದ್ದಿ. ಕ್ರಿಪ್ಟೊನೈಟ್ ಕಂಪನಿಯ ದುಂಡು ಕೀ ಬೀಗಗಳನ್ನು ಬಾಲ್ ಪೆನ್ನಿನ ಪ್ಲಾಸ್ಟಿಕ್ ಕೊಳವೆ ಒತ್ತಿ ತಿರುಗಿಸಿ ತೆಗೆಯಬಹುದು ಅಂತ ಒಬ್ಬ ತೋರಿಸಿದ. ವಿಡಿಯೋ ಹರಡಿತು, ಕಂಪನಿ ಬೀಗಗಳನ್ನು ಬದಲಾಯಿಸಿ ಕೊಡಬೇಕಾಯಿತು. ಅವರು ಆಮೇಲೆ ಚಪ್ಪಟೆ ಕೀಗೆ ಹೋದರು. ಅಗ್ಗದ ಬೀಗಗಳಲ್ಲಿ ದುಂಡು ಕೀ ಈಗಲೂ ಬರುತ್ತದೆ.

ಸುಮ್ನೆ ಬಿಡಿ

ಇಷ್ಟೆಲ್ಲಾ ಯಾಕೆ? ಎರಡು ಸಾವಿರಕ್ಕೆ ತುಕ್ಕು ಹಿಡಿದ ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಳ್ಳಿ. ಸ್ಟೇಷನ್ ತನಕ ಹೋಗಲು ಗೇರ್ ಯಾಕೆ ಬೇಕು? ಮಂಡ್ಯದಲ್ಲಿ ಬೆಟ್ಟ ಇದೆಯಾ?

ಬೆಳಗಿನ ಪ್ಯಾಸೆಂಜರ್

ಬೆಟ್ಟ ಇಲ್ಲ ಸಾರ್, ಆಸೆ ಇದೆ.

ಪಂಚರ್ ಪೆಟ್ಟಿಗೆ

ಹಳೇ ಸೈಕಲ್ ಕಳುವಾಗುವುದಿಲ್ಲ ಅಂತ ಯಾರು ಹೇಳಿದ್ದು? ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋಗುವುದು ಹಳೇದೇ. ಹೊಸದಾದರೆ ಕದ್ದವನು ಗಿರಾಕಿ ಹುಡುಕಬೇಕು, ಹಳೇದಕ್ಕೆ ತಕ್ಕಡಿ ಸಾಕು.

ಹೂವಿನ ಕಟ್ಟೆ (ಮೈಸೂರು)

ಗ್ರೈಂಡರ್ ವಿಷಯ ಬಂತಲ್ಲ, ನನ್ನದೊಂದು ಕೇಳಿ. ಹೋದ ವರ್ಷ ಯು ಲಾಕಿನ ಕೀ ಕಳೆದುಕೊಂಡೆ. ಸ್ಪೇರ್ ಕೀ ಎಲ್ಲಿ? ಅದೇ ಗೊಂಚಲಿನಲ್ಲಿ. ನಗಬೇಡಿ. ಸೈಕಲ್ ನಿಂತಿದ್ದು ಜನ ಗಿಜಿಗುಡುವ ಒಂದು ರಸ್ತೆಯಲ್ಲಿ, ಸಂಜೆ ಐದೂವರೆ ಹೊತ್ತು. ಹತ್ತಿರದ ವೆಲ್ಡಿಂಗ್ ಶಾಪಿನ ಹುಡುಗನನ್ನು ಕರೆದುಕೊಂಡು ಬಂದೆ, ಅವನ ಕೈಯಲ್ಲಿ ಬ್ಯಾಟರಿ ಗ್ರೈಂಡರ್. "ಕಣ್ಣು ಮುಚ್ಚಿಕೊಳ್ಳಿ ಸಾರ್" ಅಂದ. ಕಿವಿ ಕಿತ್ತು ಹೋಗುವ ಸದ್ದು, ಕಿಡಿ ಮತಾಪಿನ ಹಾಗೆ ಫುಟ್‌ಪಾತ್ ತುಂಬ. ಒಂದು ಕಡೆ ಕತ್ತರಿಸಿದ, ಸ್ವಲ್ಪ ಸುಧಾರಿಸಿಕೊಂಡ, ಇನ್ನೊಂದು ಕಡೆ ಕತ್ತರಿಸಿದ. ಎರಡು ನಿಮಿಷವೂ ಆಗಲಿಲ್ಲ.

ಸುತ್ತ ಕಡಿಮೆ ಅಂದರೂ ಐವತ್ತು ಜನ ಹಾದು ಹೋಗುತ್ತಿದ್ದರು. ಒಬ್ಬರಾದರೂ "ಇದು ನಿನ್ನ ಸೈಕಲ್ಲಾ?" ಅಂತ ಕೇಳಬೇಕಲ್ಲ? ಮಾತಾಡಿದ್ದು ಒಬ್ಬರೇ. ಪಕ್ಕದಲ್ಲಿ ಮಲ್ಲಿಗೆ ಮಾರುತ್ತಿದ್ದ ಅಮ್ಮ. "ಕಿಡಿ ಎಲ್ಲಾ ನನ್ನ ಹೂವಿನ ಮೇಲೆ ಬೀಳುತ್ತೆ ಕಣಪ್ಪಾ, ಆ ಕಡೆ ತಿರುಗಿ ಮಾಡು" ಅಂದರು. ಹುಡುಗ ತಿರುಗಿ ನಿಂತು ಮುಗಿಸಿದ. ನಾನು ಎರಡು ಮೊಳ ಹೂವು ತಗೊಂಡು ಮನೆಗೆ ಹೋದೆ. ಜನ ಇರುವ ಕಡೆ ನಿಲ್ಲಿಸಿದರೆ ಭಯ ಇಲ್ಲ ಅಂತ ನಂಬಿದ್ದೆ. ಅವತ್ತಿನಿಂದ ಅರ್ಧಕ್ಕರ್ಧ ಇಳಿಸಿಕೊಂಡಿದ್ದೇನೆ.

ಗಂಗೋತ್ರಿ ಪಿಜಿ

ಅಯ್ಯೋ! ಹಾಗಾದರೆ ಬೀಗ ಯಾಕೆ ಹಾಕಬೇಕು?

ಮೇಟಗಳ್ಳಿ ಶಿಫ್ಟ್

ಮೇಡಂ, ಸದ್ದು ಮಾಡದೆ ತೆಗೆಯಲು ಆಗಬಾರದು ಅಂತ ಹಾಕುವುದು. ಸೈಕಲ್ ಕದಿಯುವ ಎಲ್ಲರೂ ಗ್ರೈಂಡರ್ ಹಿಡಿದು ಬರುವುದಿಲ್ಲ. ಪ್ಯಾಸೆಂಜರ್ ಅವರ ಕೇಬಲ್ ತೆಗೆದವನ ಜೇಬಲ್ಲಿ ಇದ್ದದ್ದು ಹೆಚ್ಚೆಂದರೆ ಒಂದು ಕಟರ್. ಅವನಿಗೆ ಯು ಲಾಕ್ ಕಂಡಿದ್ದರೆ ಮುಂದಿನ ಸೈಕಲ್ ನೋಡುತ್ತಿದ್ದ. ಮುಂದಿನ ಸೈಕಲ್ಲಿನವರಿಗೆ ಅನ್ಯಾಯ, ಗೊತ್ತು.

ಕುಕ್ಕರಹಳ್ಳಿ ಸುತ್ತು

ಬೀಗದ ಮಾತೇ ಆಯಿತು, ಕಟ್ಟುವ ಕಂಬದ ಮಾತು ಯಾರೂ ಆಡಲಿಲ್ಲ. ಕಟ್ಟುವ ಮುಂಚೆ ಕಂಬವನ್ನು ಹಿಡಿದು ಜೋರಾಗಿ ಅಲ್ಲಾಡಿಸಿ. ನೋ ಪಾರ್ಕಿಂಗ್ ಬೋರ್ಡಿನ ಕಂಬಗಳು ಎಷ್ಟೋ ಕಡೆ ಮಣ್ಣಲ್ಲಿ ಸುಮ್ನೆ ನೆಟ್ಟಿರುತ್ತಾರೆ, ಕಿತ್ತರೆ ಕ್ಯಾರೆಟ್ ಹಾಗೆ ಬರುತ್ತವೆ. ಮೇಲೆ ಬೋರ್ಡ್ ಇಲ್ಲದ ಗಿಡ್ಡ ಕಂಬಕ್ಕೆ ಕಟ್ಟಿದರೆ ಸೈಕಲ್ ಸಮೇತ ಬೀಗವನ್ನು ಎತ್ತಿ ಮೇಲಿಂದ ತೆಗೆಯಬಹುದು. ಎಳೇ ಮರಕ್ಕೆ ಕಟ್ಟಬೇಡಿ, ತೊಗಟೆ ಹಾಳು, ಕಳ್ಳ ಕೊಂಬೆ ಕಡಿದರೆ ಮರವೂ ಹಾಳು. ಯಾವುದಕ್ಕೂ ಕಟ್ಟದೆ ಚಕ್ರಕ್ಕೆ ಮಾತ್ರ ಬೀಗ ಹಾಕಿ ಬಿಟ್ಟರೆ ಲಗೇಜ್ ಆಟೋಗೆ ಎತ್ತಿ ಹಾಕಲು ಇಬ್ಬರು ಸಾಕು.

ಚೈನ್ ಹಾಕುವವರು ನೆಲಕ್ಕೆ ತಾಗುವ ಹಾಗೆ ಜೋಲು ಬಿಡಬೇಡಿ. ಬೋಲ್ಟ್ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈ ಭಾರ ಬಿಟ್ಟರೆ ಬಲ ಎಷ್ಟೋ ಹೆಚ್ಚುತ್ತದೆ. ಬೀಗ ಆದಷ್ಟು ಎತ್ತರದಲ್ಲಿರಲಿ.

2017ರಲ್ಲಿ ನಮ್ಮ ಮೈಸೂರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾಯಿತಲ್ಲ, 450 ಸೈಕಲ್, ನನಗೆ ಅದರಲ್ಲಿ ತುಂಬಾ ಹಿಡಿಸಿದ್ದು ಇದೇ. ಸ್ಟ್ಯಾಂಡಿನಲ್ಲಿ ನೆಟ್ಟ ಡಾಕಿಗೆ (ಸೈಕಲ್ಲನ್ನು ಹಿಡಿದು ಬೀಗ ಹಾಕಿಕೊಳ್ಳುವ ಗೂಟ) ಸಿಕ್ಕಿಸಿ ಕೈ ಝಾಡಿಸಿಕೊಂಡು ನಡೆದರೆ ಆಯಿತು. ಗೂಟ ಗಟ್ಟಿ ಇದ್ದರೆ ಹಸುವಿನ ಚಿಂತೆ ಇಲ್ಲ.

ಬೆಳಗಿನ ಪ್ಯಾಸೆಂಜರ್

ಎಲ್ಲರಿಗೂ ಥ್ಯಾಂಕ್ಸ್. ಒಂದು ಗೊಂದಲ. ಯು ಲಾಕನ್ನು ಎಲ್ಲಿಂದ ಎಲ್ಲಿಗೆ ಹಾಕಬೇಕು? ಶೆಲ್ಡನ್ ಬ್ರೌನ್ ಅನ್ನುವ ಅಮೆರಿಕದ ಮೆಕ್ಯಾನಿಕ್ ಬರೆದದ್ದು ಓದಿದೆ. ಹಿಂದಿನ ಚಕ್ರದ ರಿಮ್ಮಿಗೆ, ಅದೂ ಫ್ರೇಮಿನ ಹಿಂದಿನ ತ್ರಿಕೋನದ ಒಳಗೆ ಬರುವ ಭಾಗಕ್ಕೆ ಹಾಕಿದರೆ ಸಾಕು, ಫ್ರೇಮಿನ ಕೊಳವೆ ಸುತ್ತುವುದೇ ಬೇಡ ಅಂತಾರೆ. ಚಕ್ರ ಆ ತ್ರಿಕೋನದಿಂದ ಆಚೆ ಬರುವುದಿಲ್ಲವಲ್ಲ, ಹಾಗಾಗಿ ಫ್ರೇಮೂ ಸಿಕ್ಕಿಕೊಳ್ಳುತ್ತದೆ ಅನ್ನುವುದು ಲೆಕ್ಕ. ನಿಜವಾ?

ಪಂಚರ್ ಪೆಟ್ಟಿಗೆ

ಲೆಕ್ಕ ಸರಿ. ಚಿಕ್ಕ ಬೀಗದಲ್ಲಿ ಕೆಲಸ ಆಗುತ್ತದೆ, ಭಾರವೂ ಕಡಿಮೆ. ಆದರೆ ನಿಮ್ಮದು ಅಲ್ಯೂಮಿನಿಯಂ ರಿಮ್. ಕಡ್ಡಿಗಳ ಬಿಗಿತದಲ್ಲಿ ನಿಂತಿರುವ ರಿಮ್ಮಿಗೆ ಹ್ಯಾಕ್ಸಾ ಇಟ್ಟರೆ ಕೊಯ್ಯುವುದು ಅಂಥ ಕಷ್ಟವಲ್ಲ. ಚಕ್ರ ಹಾಳಾದರೂ ಪರವಾಗಿಲ್ಲ, ಫ್ರೇಮ್ ಬೇಕು ಅನ್ನುವ ಕಳ್ಳ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನಲಾರೆ. ಜಾಗ ಸಾಕಾದರೆ ಸೀಟಿನ ಕೆಳಗಿನ ಕೊಳವೆ, ಹಿಂದಿನ ಚಕ್ರ, ಕಂಬ ಮೂರನ್ನೂ ಸೇರಿಸಿ ಹಾಕಿ. ಸಾಲದಿದ್ದರೆ ಬ್ರೌನ್ ಹೇಳಿದ ಹಾಗೆ.

ಮುಂದಿನ ಚಕ್ರಕ್ಕೆ ಕ್ವಿಕ್ ರಿಲೀಸ್ (ಪಾನಾ ಇಲ್ಲದೆ ಕೈಯಲ್ಲೇ ಬಿಚ್ಚುವ ಹಿಡಿ) ಇದೆಯಾ? ಇದ್ದರೆ ನಟ್ ಹಾಕುವ ಆಕ್ಸಲ್‌ಗೆ ಬದಲಾಯಿಸಿಕೊಳ್ಳಿ. ಸೀಟಿಗೂ ಅದೇ. ಅಲೆನ್ ಬೋಲ್ಟ್ ಹಾಕಿ ಅದರ ತಲೆಯ ಗುಂಡಿಗೆ ಸ್ವಲ್ಪ ಎಂ-ಸೀಲ್ ತುಂಬಿದರೆ ಬೀದಿಯಲ್ಲಿ ನಿಂತು ಬಿಚ್ಚಲು ಆಗುವುದಿಲ್ಲ. ಗಟ್ಟಿಯಾದ ಮೇಲೆ ನಿಮಗೂ ತೆಗೆಯುವುದು ಸುಲಭವಲ್ಲ, ಅದು ನೆನಪಿರಲಿ. ಇನ್ನೂ ಒಂದು: ಹಳೇ ಸೈಕಲ್ ಚೈನನ್ನು ಹಳೇ ಟ್ಯೂಬಿನ ತುಂಡಿನೊಳಗೆ ತೂರಿಸಿ, ಸೀಟಿನ ಕೆಳಗಿನ ಕಂಬಿಗೂ ಫ್ರೇಮಿಗೂ ಸುತ್ತಿ, ಪಿನ್ ಒತ್ತಿಬಿಟ್ಟರೆ ಸೀಟು ಎಲ್ಲೂ ಹೋಗುವುದಿಲ್ಲ. ಖರ್ಚು ಒಂದು ಕಾಫಿ.

ಬೀಗಕ್ಕೆ ಎಣ್ಣೆ ಬಿಡುವ ವಿಷಯ: ದಯವಿಟ್ಟು ಕೊಬ್ಬರಿ ಎಣ್ಣೆ ಬೇಡ. ಡಿಸೆಂಬರಿನಲ್ಲಿ ಬಚ್ಚಲಲ್ಲಿ ಬಾಟಲಿಯೊಳಗೆ ಹೇಗೆ ಹೆಪ್ಪುಗಟ್ಟಿರುತ್ತದೆ ನೋಡಿದ್ದೀರಲ್ಲ? ಬೀಗದೊಳಗೂ ಹಾಗೇ ಆಗುತ್ತದೆ, ಮೇಲೆ ಧೂಳು ಅಂಟುತ್ತದೆ. ಹೊಲಿಗೆ ಮಷಿನ್ ಎಣ್ಣೆ ಎರಡು ತೊಟ್ಟು ಅಥವಾ ಗ್ರಾಫೈಟ್ ಪುಡಿ. ಕೀ ತೂತು ಕೆಳಗೆ ನೋಡುವ ಹಾಗೆ ಹಾಕಿದರೆ ಮಳೆ ನೀರು ಇಳಿಯುವುದಿಲ್ಲ.

ನೋಟರಿ ಪಕ್ಕದ ಮೇಜು

ಕೋರ್ಟಿನ ಕಡೆಯಿಂದ ಒಂದು ಮಾತು. ಸೈಕಲ್ಲನ್ನು ತಲೆಕೆಳಗೆ ಮಾಡಿ, ಪೆಡಲ್ ಆಕ್ಸಲ್ ಇರುವ ದಪ್ಪ ಕೊಳವೆಯ ಕೆಳಗೆ ನೋಡಿ. ಸಾಮಾನ್ಯವಾಗಿ ಅಲ್ಲಿ ಫ್ರೇಮ್ ನಂಬರ್ ಕೊರೆದಿರುತ್ತದೆ. ಮಣ್ಣು ಒರೆಸಿ ಫೋಟೋ ತೆಗೆದುಕೊಳ್ಳಿ. ಬಿಲ್ಲಿನಲ್ಲಿ ಆ ನಂಬರ್ ಬರೆದಿಲ್ಲದಿದ್ದರೆ ಅಂಗಡಿಯವರಿಂದ ಬರೆಸಿಕೊಳ್ಳಿ. ಆ ನಂಬರ್ ಇಲ್ಲದೆ "ಕಪ್ಪು ಬಣ್ಣದ ಸೈಕಲ್" ಅಂತ ದೂರು ಕೊಟ್ಟರೆ ಪೊಲೀಸರು ಯಾವುದನ್ನು ಹುಡುಕಬೇಕು?

ಬಿಲ್ ಯಾಕೆ ಮುಖ್ಯ ಅಂದರೆ, 2024ರ ಜುಲೈ 1ರಿಂದ ಕಳವು ಬರುವುದು ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ನಿಗೆ. ಮೊದಲು ಐಪಿಸಿ 379 ಇತ್ತು. ಹೊಸದರಲ್ಲಿ ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಶುರು ಮಾಡುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದು ಮಾಲು ವಾಪಸ್ ಕೊಟ್ಟವನಿಗೆ ಶಿಕ್ಷೆ ಸಮುದಾಯ ಸೇವೆ. ಎರಡು ಸಾವಿರದ ಸೈಕಲ್ ತಗೊಳ್ಳಿ ಅಂದ ಸ್ನೇಹಿತರು ಇದನ್ನೂ ಲೆಕ್ಕಕ್ಕೆ ತಗೊಳ್ಳಲಿ.

ಸುಮ್ನೆ ಬಿಡಿ

ತಗೊಂಡೆ. ಆದರೂ ನನ್ನ ಸೈಕಲ್ ಇನ್ನೂ ಇದೆ.

ಬೆಳಗಿನ ಪ್ಯಾಸೆಂಜರ್ (ಮೂರು ವಾರದ ನಂತರ)

ಏನು ಮಾಡಿದೆ ಅಂತ ಹೇಳದೆ ಹೋದರೆ ತಪ್ಪಾಗುತ್ತದೆ.

ಮೈಸೂರಿಗೆ ಹೇಗೂ ದಿನಾ ಬರುತ್ತೇನಲ್ಲ, ಒಂದು ಸಂಜೆ ಮೂರು ಅಂಗಡಿ ಸುತ್ತಿದೆ. 13 ಮಿ.ಮೀ. ಯು ಲಾಕ್, ಚಪ್ಪಟೆ ಕೀ, ಎರಡು ತುದಿಯೂ ಕಚ್ಚುತ್ತದೆ, 1,400 ರೂಪಾಯಿ. ಸೈಕಲ್ ಬೆಲೆಯ ಹತ್ತರಲ್ಲಿ ಒಂದು ಪಾಲು. ಹಿಂದಿನ ಚಕ್ರಕ್ಕೆ ಅಜ್ಜ ಹೇಳಿದ ಲಾಳದ ಬೀಗ ಪಂಚರ್ ಪೆಟ್ಟಿಗೆಯವರ ಹತ್ತಿರವೇ ಹಾಕಿಸಿದೆ. ಸೈಕಲ್ಲನ್ನು ಅದಕ್ಕೋಸ್ಕರ ರೈಲಲ್ಲಿ ತರಲಿಲ್ಲ, ರಜೆ ದಿನ ಮಂಡ್ಯದಿಂದ ತುಳಿದುಕೊಂಡೇ ಬಂದೆ. ಶ್ರೀರಂಗಪಟ್ಟಣದಲ್ಲಿ ತಿಂಡಿ ತಿಂದೆ. ಗೇರ್ ಯಾಕೆ ಅಂದವರಿಗೆ ಉತ್ತರ ಅಲ್ಲೇ ಸಿಕ್ಕಿತು. ಸೀಟಿಗೆ ಎಂ-ಸೀಲ್ ಆಯಿತು. ಕಾಫಿ ಅವರೇ ಕೊಡಿಸಿದರು, ಲೆಕ್ಕ ತಲೆಕೆಳಗಾಯಿತು.

ಅರದ ಪರೀಕ್ಷೆ ಮಾಡಿದೆ. ಯು ಲಾಕಿನ ಮೇಲೆ ಜಾರಿತು. ಆಮೇಲೆ ಕುತೂಹಲಕ್ಕೆ ನಮ್ಮ ಮನೆ ಗೇಟಿನ ಚೈನಿಗೆ ಉಜ್ಜಿ ನೋಡಿದೆ. ಬೆಣ್ಣೆ. ಹೆಂಡತಿಗೆ ತೋರಿಸಿದೆ, ಈಗ ಅದಕ್ಕೂ ಬೇರೆ ಚೈನ್ ತರಬೇಕಂತೆ.

ಭಾರ ಹೊರುವ ವಿಷಯದಲ್ಲಿ ಒಂದು ಉಪಾಯ ಹೊಳೆಯಿತು. ದಿನಾ ನಿಲ್ಲಿಸುವ ಜಾಗ ಒಂದೇ. ಅಲ್ಲಿ ನೋಡಿಕೊಳ್ಳುವ ಅಣ್ಣನನ್ನು ಕೇಳಿ ಯು ಲಾಕನ್ನು ರಾತ್ರಿ ಅಲ್ಲಿನ ಕಂಬಿಗೇ ಹಾಕಿ ಬಿಟ್ಟು ಬರುತ್ತೇನೆ. ಬೆಳಿಗ್ಗೆ ಹೋದಾಗ ಅದು ನನಗೋಸ್ಕರ ಜಾಗ ಹಿಡಿದುಕೊಂಡು ಕಾಯುತ್ತಿರುತ್ತದೆ. ಪೇಟೆಗೆ ಹೋಗುವ ಭಾನುವಾರ ಮಾತ್ರ ಹೊತ್ತುಕೊಂಡು ಹೋಗುತ್ತೇನೆ.

ಮೊದಲ ದಿನ ನನಗೆ ಬೀಗ ಹಾಕಲು ಆರು ನಿಮಿಷ ಹಿಡಿಯಿತು, ರೈಲು ತಪ್ಪಿತು. ಈಗ ನಲವತ್ತು ಸೆಕೆಂಡ್. ಕಂಬಿ ಅಲ್ಲಾಡಿಸಿ ನೋಡುವುದೂ ಸೇರಿ.

ಅಟ್ಲಾಸ್ ಅಜ್ಜ

ಸ್ಪೇರ್ ಕೀ ಎಲ್ಲಿಟ್ಟಿದ್ದೀಯಪ್ಪಾ?

ಬೆಳಗಿನ ಪ್ಯಾಸೆಂಜರ್

ಅಕ್ಕಿ ಡಬ್ಬದಲ್ಲಿ ಅಜ್ಜಾ. ಯಾವ ಡಬ್ಬ ಅಂತ ಇಲ್ಲಿ ಬರೆಯುವುದಿಲ್ಲ.